ತಾಳೆಯಾದ ಲೆಕ್ಕ, ತಪ್ಪಿದ ಗುಂಟೆ: ಕೆಟ್ಟ ಡಿಸ್ಕಿನ ನಿದಾನದ ಬಗ್ಗೆ



ಗಡಿನಾಡಿನ ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಭಾಷೆಯ ಅಳಿವು ಉಳಿವು ಇಂಥ ವಿಷಯಗಳನ್ನು ಎತ್ತಿಕೊಳ್ಳುವುದು ರೂಢಿ. ಇವತ್ತು ನಾನು ಎತ್ತಿಕೊಂಡಿರುವುದು ಕೆಟ್ಟುಹೋದ ಹಾರ್ಡ್ ಡಿಸ್ಕು. ಇದಕ್ಕೆ ಕಾರಣ ಈ ಸೀಮೆಯ ಚರಿತ್ರೆಯಲ್ಲೇ ಇದೆ. ಉದಗೀರ ಮತ್ತು ನಿಲಂಗಾ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರ ಜಿಲ್ಲೆ ಆದಾಗ ಅದರೊಳಗೆ ಸೇರಿದವು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು, ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ಹೀಗಾಗಿ ಇಲ್ಲಿನ ಒಂದೇ ಮನೆಯ ಪೆಟ್ಟಿಗೆಯಲ್ಲಿ ಉರ್ದು ದಸ್ತಾವೇಜು, ಮೋಡಿ ಲಿಪಿಯ ಪತ್ರ, ದೇವನಾಗರಿಯ ಉತಾರ, ಕನ್ನಡದ ವಹಿ ನಾಲ್ಕೂ ಒಟ್ಟಿಗೆ ಇರುವುದು ಅಪರೂಪವಲ್ಲ. ನಾಲ್ಕನ್ನೂ ಓದಬಲ್ಲ ಕಣ್ಣುಗಳು ಕಡಿಮೆಯಾಗುತ್ತಿವೆ. ಕಾಗದ ಪುಡಿಯಾಗುವ ಮೊದಲು ಮಕ್ಕಳು ಅದರ ಫೋಟೋ ತೆಗೆದು, ಸ್ಕ್ಯಾನ್ ಮಾಡಿಸಿ, ಪೆನ್ ಡ್ರೈವಿಗೋ ಡಿಸ್ಕಿಗೋ ಹಾಕಿಡುತ್ತಿದ್ದಾರೆ. ನಾಲ್ಕು ಲಿಪಿಗಳ ನೆನಪು ಈಗ ಅಂಗೈಯಗಲದ ಒಂದು ಡಬ್ಬಿಯಲ್ಲಿದೆ. ಆ ಡಬ್ಬಿ ಒಂದು ದಿನ ಬಾಯಿ ಬಿಡುವುದಿಲ್ಲ. ಆಗ ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವ ಮಾತು ಒಂದೇ: ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೀಬೇಕು.

ಆ ಮಾತಿನ ಮೊದಲರ್ಧ ರೋಗದ ಹೆಸರು, ಎರಡನೆಯದು ಔಷಧದ ಚೀಟಿ. ನಡುವೆ ನಾಡಿ ಹಿಡಿದು ನೋಡುವ ಕೆಲಸ ಇರಬೇಕಿತ್ತು, ಅದು ಇಲ್ಲ. ನನ್ನ ವಾದ ಇಷ್ಟೆ. ಡಿಸ್ಕನ್ನು ಸರಿಪಡಿಸುವ ಸಾಧನಗಳು ಅದರೊಳಗಿನ ಲೆಕ್ಕವನ್ನು ತಾಳೆ ಮಾಡುತ್ತವೆ. ಅಲ್ಲಿ ಬರೆದಿರುವುದು ನಿಜವೇ ಎಂದು ಅವು ನೋಡುವುದಿಲ್ಲ, ನೋಡಲು ಅವಕ್ಕೆ ದಾರಿಯೂ ಇಲ್ಲ. ತಾಳೆಯಾಗುವುದು ಬೇರೆ, ಸತ್ಯವಾಗಿರುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲೇ ಮನೆಯ ಕಾಗದಗಳು ಕಳೆದುಹೋಗುತ್ತವೆ. ಆದ್ದರಿಂದ ದುರಸ್ತಿಗೆ ಕೈ ಹಾಕುವ ಮೊದಲು, ಕೆಟ್ಟಿರುವುದು ಏನು, ಕೆಡಿಸಿದ್ದು ಯಾವುದು ಎಂಬ ಎರಡು ಪ್ರಶ್ನೆಗೆ ಪುರಾವೆಯಿಂದ ಉತ್ತರ ಸಿಗಬೇಕು.

ರೋಗವೇ ಇಲ್ಲದ ರೋಗಿಯಿಂದ ಶುರುಮಾಡುತ್ತೇನೆ, ಗಡಿಭಾಗದಲ್ಲಿ ಅಂಥವರೇ ಬಹಳ. ಬೀದರದಲ್ಲೋ ಕಲಬುರಗಿಯಲ್ಲೋ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಕನ್ನಡದ ಕಡತವನ್ನು ಲಾತೂರಿನ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ನೋಡಿದವರು ಕಡತ ಕೆಟ್ಟಿದೆ ಎನ್ನುತ್ತಾರೆ. ಅಲ್ಲಿ ಒಂದು ಬೈಟೂ ಕೆಟ್ಟಿರುವುದಿಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ್ದವು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ, ಅದೇ ಪುಣೆಯ ಸಿಡ್ಯಾಕ್‌ನವರ ಐಎಸ್‌ಎಂ ಹೀಗೆ ಒಂದೊಂದೂ ತನ್ನದೇ ರೀತಿಯಲ್ಲಿ ಅಕ್ಷರಗಳನ್ನು ಕೂಡಿಸಿತು. ಆ ಫಾಂಟು ಇಲ್ಲದ ಯಂತ್ರಕ್ಕೆ ಮನೆ ಮಾತ್ರ ಕಾಣುತ್ತದೆ, ಒಳಗಿರುವವರು ಕಾಣುವುದಿಲ್ಲ. ಫಾಂಟು ಹಾಕಿದರೆ, ಇಲ್ಲವೆ ಯೂನಿಕೋಡಿಗೆ ಪರಿವರ್ತಿಸಿದರೆ, ಇಡೀ ಬರಹ ಹಾಗೇ ಎದ್ದು ಬರುತ್ತದೆ. ಯೂನಿಕೋಡಿನ ಮೊದಲ ಆವೃತ್ತಿ ಬಂದ 1991ರಿಂದಲೂ ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ಕನ್ನಡ ತೋರಿಸಬಲ್ಲದಾಗಿತ್ತು. ಆದರೂ ಮುದ್ರಣದ ಮಳಿಗೆಗಳಲ್ಲಿ ಹಳೆಯ ಪದ್ಧತಿ ಬಹಳ ವರ್ಷ ನಡೆಯಿತು. ಇದೇ ಗೊಂದಲ ತಿರುಗುಮುರುಗಾಗಿಯೂ ಬರುತ್ತದೆ. ಯೂನಿಕೋಡ್ ಕನ್ನಡವನ್ನು ಹಳೆಯ ಸಂಕೇತವೆಂದು ತಿಳಿದು ಯಂತ್ರ ಓದಿದರೆ, ತಲೆಯ ಮೇಲೆ ಗೀರಿರುವ ಇಂಗ್ಲಿಷಿನ ‘ಎ’ ಪ್ರತಿ ಮೂರನೆಯ ಜಾಗದಲ್ಲಿ ಮರುಕಳಿಸುತ್ತದೆ. ಹಾಗೆ ನಿಯಮಿತವಾಗಿ ಮರುಕಳಿಸುವುದೇ ಕಡತ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿ. ನಿಜವಾಗಿ ಕೆಟ್ಟ ಕಡತದಲ್ಲಿ ಇಂಥ ಕ್ರಮ ಇರುವುದಿಲ್ಲ. ನಡುವೆ ಉದ್ದಕ್ಕೆ ಸೊನ್ನೆಗಳೇ ಇರುತ್ತವೆ, ಇಲ್ಲವೆ ಮದುವೆಯ ಫೋಟೋ ಇರಬೇಕಾದ ಕಡೆ ಇನ್ಯಾವುದೋ ಕಡತದ ತುಂಡು ಬಂದು ಕೂತಿರುತ್ತದೆ. ಪಿಡಿಎಫ್ ಕಡತದ ಆರಂಭದ ಬೈಟುಗಳಲ್ಲಿ ಅದರ ಹೆಸರೇ ಬರೆದಿರುತ್ತದೆ. ಜೆಪೆಗ್ ಚಿತ್ರಕ್ಕೂ ತನ್ನದೇ ಆದ ಮೊದಲೆರಡು ಬೈಟುಗಳಿವೆ. ಅಷ್ಟನ್ನು ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಕೊಡದೆ ಫಾರ್ಮ್ಯಾಟ್ ಹೊಡೆದರೆ ಆರೋಗ್ಯವಂತನನ್ನೇ ಮಸಣಕ್ಕೆ ಒಯ್ದ ಹಾಗೆ.

ಇನ್ನು ನಿಜವಾಗಿ ಫೈಲ್ ಸಿಸ್ಟಮ್ ಕೆಟ್ಟ ಪ್ರಸಂಗ. ಫೈಲ್ ಸಿಸ್ಟಮ್ ಎಂದರೇನೆಂದು ಈ ಸಭೆಗೆ ಹೇಳಲು ಊರಿನ ಜಮೀನಿನ ಲೆಕ್ಕ ಇಡುವ ತಲಾಠಿಯ ದಫ್ತರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚಲಿಲ್ಲ. ಡಿಸ್ಕು ಎಂಬುದು 512 ಅಥವಾ 4096 ಬೈಟಿನ ಚಿಕ್ಕ ಚಿಕ್ಕ ತುಂಡುಗಳಾಗಿ ಅಳೆದಿಟ್ಟ ಜಮೀನು. ಯಾವ ತುಂಡುಗಳು ಯಾವ ಕಡತಕ್ಕೆ ಸೇರಿವೆ, ಅದರ ಅಳತೆ ಎಷ್ಟು, ಕೊನೆಗೆ ಬದಲಾದದ್ದು ಯಾವಾಗ ಎಂಬುದನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಇನೋಡ್ ಎಂಬ ದಾಖಲೆ ಹೇಳುತ್ತದೆ; ಅದನ್ನು ಹೊಲದ ಒಡೆತನ, ಕ್ಷೇತ್ರ ಹೇಳುವ ಸಾತಬಾರಾ ಎನ್ನೋಣ. ಯಾವ ತುಂಡು ಖಾಲಿ, ಯಾವುದು ಭರ್ತಿ ಎಂಬುದಕ್ಕೆ ಬೇರೊಂದು ನಕಾಶೆ ಇದೆ. ಇಡೀ ಊರಿನ ಒಟ್ಟು ಲೆಕ್ಕದ ಮೊದಲ ಪುಟಕ್ಕೆ ಸೂಪರ್‌ಬ್ಲಾಕ್ ಎಂದು ಹೆಸರು. ಅದು ಹರಿದರೆ ಎಲ್ಲವೂ ಹೋದೀತೆಂಬ ಭಯಕ್ಕೆ ಅದರ ನಕಲುಗಳನ್ನು ಡಿಸ್ಕಿನ ಬೇರೆ ಬೇರೆ ಕಡೆ ಇಟ್ಟಿರುತ್ತಾರೆ. ಪೆನ್ ಡ್ರೈವಿನ ಫ್ಯಾಟ್ ಪದ್ಧತಿಯಲ್ಲಿಯೂ ಮುಖ್ಯ ಪಟ್ಟಿಯ ಎರಡು ಪ್ರತಿ ಇಡುವುದೇ ವಾಡಿಕೆ. ಹೋಲಿಕೆ ಒಂದು ಕಡೆ ಕುಂಟುತ್ತದೆ: ಸಾತಬಾರಾದಲ್ಲಿ ಒಡೆಯನ ಹೆಸರಿದೆ, ಇನೋಡಿನಲ್ಲಿ ಕಡತದ ಹೆಸರಿಲ್ಲ, ಹೆಸರು ಡೈರೆಕ್ಟರಿ ಎಂಬ ಬೇರೆ ಪಟ್ಟಿಯಲ್ಲಿದೆ. ಹೆಸರಿನ ಪಟ್ಟಿ ಹರಿದರೂ ಹೊಲ ಹಾಗೇ ಉಳಿಯುವುದು ಇದರಿಂದಲೇ.

ಹೊಲ ಮಾರಾಟವಾದಾಗ ತಲಾಠಿ ನೇರವಾಗಿ ಸಾತಬಾರಾ ತಿದ್ದುವುದಿಲ್ಲ. ಮೊದಲು ಗಾವ್ ನಮೂನೆ ಆರರಲ್ಲಿ ಫೇರಫಾರ, ಅಂದರೆ ಬದಲಾವಣೆಯ ನೋಂದಣಿ, ಬರೆಯುತ್ತಾನೆ. ಅದು ಪ್ರಮಾಣಿತವಾದ ಮೇಲೆ ಸಾತಬಾರಾಕ್ಕೂ ಖಾತೆಯ ಎಂಟು-ಅ ಉತಾರಕ್ಕೂ ಬದಲಾವಣೆ ಇಳಿಯುತ್ತದೆ. ನಡುವೆ ಕೆಲಸ ನಿಂತರೂ ಫೇರಫಾರ ನೋಡಿ ಎಲ್ಲಿ ನಿಂತಿತೆಂದು ತಿಳಿಯಬಹುದು. ಕಂಪ್ಯೂಟರಿನ ಜರ್ನಲ್ ಎಂಬುದು ಇದೇ ಫೇರಫಾರ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್‌ನಲ್ಲಿ ಇದು ಇತ್ತು; ಲಿನಕ್ಸಿನ ಎಕ್ಸ್‌ಟ್3 ಇದನ್ನು 2001ರಲ್ಲಿ ತಂದಿತು. ಮರಾಠವಾಡದಲ್ಲಿ ಲೋಡ್‌ಶೆಡಿಂಗ್ ದಿನಕ್ಕೆ ಹಲವು ತಾಸು ಇದ್ದ ವರ್ಷಗಳನ್ನು ಕಂಡವರಿಗೆ ಇದರ ಬೆಲೆ ಹೇಳಬೇಕಿಲ್ಲ. ಬರೆಯುವ ನಡುವೆ ಲೈಟ್ ಹೋದರೆ, ತುಂಡು ಭರ್ತಿಯಾಗಿದೆ ಎಂದು ನಕಾಶೆ ಹೇಳುತ್ತದೆ, ಯಾರ ಸಾತಬಾರಾದಲ್ಲೂ ಆ ತುಂಡು ಇರುವುದಿಲ್ಲ. ಜರ್ನಲ್ ಇದ್ದರೆ ಲೈಟ್ ಬಂದೊಡನೆ ಯಂತ್ರ ಅದನ್ನು ಓದಿ ಅರ್ಧ ಕೆಲಸವನ್ನು ಪೂರೈಸುತ್ತದೆ ಅಥವಾ ಕೈಬಿಡುತ್ತದೆ. ಆದರೆ ಜರ್ನಲ್‌ಗಳು ಸಾಮಾನ್ಯವಾಗಿ ದಫ್ತರದ ಬದಲಾವಣೆಯನ್ನಷ್ಟೇ ಬರೆದಿಡುತ್ತವೆ. ಹೊಲದಲ್ಲಿ ಬೆಳೆದ ಜೋಳದ ಲೆಕ್ಕ, ಅಂದರೆ ಕಡತದೊಳಗಿನ ಬರಹ, ಅದರಲ್ಲಿ ಇರುವುದಿಲ್ಲ. 2009ರಲ್ಲಿ ಎಕ್ಸ್‌ಟ್4 ಬಳಸಿದವರು ಇದನ್ನು ಕಂಡರು. ಯಂತ್ರ ಥಟ್ಟನೆ ನಿಂತು ಮತ್ತೆ ಎದ್ದಾಗ ಫೈಲ್ ಸಿಸ್ಟಮ್ ಪೂರ್ತಿ ಸರಿ, ಕಡತದ ಹೆಸರೂ ಇದೆ, ಒಳಗೆ ಮಾತ್ರ ಸೊನ್ನೆ ಬೈಟು. ಹೊಸ ಬರಹ ಡಿಸ್ಕಿಗೆ ಇಳಿಯುವ ಮೊದಲೇ ಹೆಸರಿನ ಬದಲಾವಣೆ ಇಳಿದಿತ್ತು. ಆಮೇಲೆ ಅದಕ್ಕೆ ತಿದ್ದುಪಡಿ ಮಾಡಿದರು. ದಫ್ತರದ ದೃಷ್ಟಿಯಿಂದ ಅಲ್ಲಿ ಒಂದು ತಪ್ಪೂ ಇರಲಿಲ್ಲ ಎಂಬುದು ನೆನಪಿನಲ್ಲಿರಲಿ.

ಜರ್ನಲ್ ಕೈಬಿಟ್ಟ ಮೇಲೆ ಬರುವುದು ತಪಾಸಣೆಯ ಸಾಧನ. ಯೂನಿಕ್ಸ್ ಯಂತ್ರಗಳಿಗೆ ಎಫ್‌ಎಸ್‌ಸಿಕೆ ಎಂಬ ಈ ಕಾರ್ಯಕ್ರಮವನ್ನು ಬೆಲ್ ಲ್ಯಾಬ್ಸ್‌ನ ಟೆಡ್ ಕೊವಾಲ್ಸ್ಕಿ ಬರೆದರು. ಬರ್ಕ್ಲಿಯಲ್ಲಿ ಮಾರ್ಷಲ್ ಕರ್ಕ್ ಮೆಕ್ಯುಸಿಕ್ ಅದನ್ನು ಹೊಸ ಫೈಲ್ ಸಿಸ್ಟಮಿಗೆ ಒಗ್ಗಿಸಿ ಬೆಳೆಸಿದರು. ವಿಂಡೋಸಿನಲ್ಲಿ ಚೆಕ್‌ಡಿಸ್ಕ್ ಇದೇ ಕೆಲಸ ಮಾಡುತ್ತದೆ. ಎರಡೂ ಜಾಣ ಸಾಧನಗಳು, ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಅವು ಮಾಡುವುದೇನು ಎಂದು ಹತ್ತಿರದಿಂದ ನೋಡಿ. ಒಂದೇ ತುಂಡು ತನ್ನದೆಂದು ಎರಡು ಕಡತಗಳು ಹೇಳುತ್ತಿವೆ ಎನ್ನಿ. ಒಂದೇ ಗಟ ನಂಬರಿಗೆ ಇಬ್ಬರು ದಾವೇದಾರರು. ಎಕ್ಸ್‌ಟ್4ರ ತಪಾಸಣೆ ಏನು ಮಾಡುತ್ತದೆ? ಆ ತುಂಡಿನ ನಕಲು ತೆಗೆದು ಇಬ್ಬರಿಗೂ ಒಂದೊಂದು ಕೊಡುತ್ತದೆ, ಒಲ್ಲೆನೆಂದರೆ ಕಡತವನ್ನೇ ಅಳಿಸಬಹುದೇ ಎಂದು ಕೇಳುತ್ತದೆ. ನಕಲು ಕೊಟ್ಟ ಮೇಲೆ ತಂಟೆ ಮುಗಿಯಿತು, ಲೆಕ್ಕ ತಾಳೆಯಾಯಿತು. ಆದರೆ ಆ ತುಂಡಿನಲ್ಲಿದ್ದ ಬರಹ ಬಹುತೇಕ ಒಬ್ಬನದು. ಇನ್ನೊಬ್ಬನ ಕಡತದೊಳಗೆ ಈಗ ಪರರ ಬರಹ ಶಾಶ್ವತವಾಗಿ ಸೇರಿಕೊಂಡಿದೆ, ತಕರಾರಿನ ಗುರುತೂ ಡಿಸ್ಕಿನಿಂದ ಅಳಿದಿದೆ. ಹೆಸರು ಕಳೆದುಕೊಂಡ ಇನೋಡುಗಳನ್ನು ಅದು ಕಳೆದುಸಿಕ್ಕವರ ಕೋಣೆಗೆ ಹಾಕಿ ಒಂದೊಂದಕ್ಕೆ ನಂಬರು ಕೊಡುತ್ತದೆ. ಚೆಕ್‌ಡಿಸ್ಕ್ ಇಂಥವನ್ನು ಫೌಂಡ್ ಎಂಬ ಫೋಲ್ಡರಿನಲ್ಲಿ ರಾಶಿ ಹಾಕುತ್ತದೆ. ಅಜ್ಜನ ಖರೀದಿ ಪತ್ರ ಆ ರಾಶಿಯಲ್ಲಿ ನಂಬರಾಗಿ ಇರಬಹುದು, ತುಂಡಾಗಿ ಇರಬಹುದು, ಇಲ್ಲದೆಯೂ ಇರಬಹುದು. ಸಾಧನ ಮಾತ್ರ ಕೊನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ವರದಿ ಕೊಡುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ತನಗೆ ಕೇಳಿದ ಪ್ರಶ್ನೆಗೆ ಉತ್ತರಿಸುತ್ತಿದೆ. ನಮ್ಮ ಪ್ರಶ್ನೆ ಬೇರೆಯಿತ್ತು.

ಇದರಲ್ಲಿ ಹೊಸತೇನೂ ಇಲ್ಲ ಎಂಬುದು ಜಮೀನಿನ ಕಾಗದ ನೋಡಿದವರಿಗೆ ತಿಳಿದಿದೆ. ಊರಿನ ಎಲ್ಲ ಸಾತಬಾರಾಗಳ ಕ್ಷೇತ್ರವನ್ನು ಕೂಡಿದರೆ ಮೋಜಣಿಯ ದಾಖಲೆಯಾದ ಆಕಾರಬಂದಿನ ಕ್ಷೇತ್ರಕ್ಕೆ ಸಮ ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ. ಆದರೆ ಸಮ ಬಂದಿತೆಂದ ಮಾತ್ರಕ್ಕೆ ಸರಿಯಾಗಿದೆ ಎಂದಲ್ಲ. ಒಬ್ಬನ ಹತ್ತು ಗುಂಟೆ ಇನ್ನೊಬ್ಬನ ಹೆಸರಿಗೆ ಹೋಗಿದ್ದರೂ ಮೊತ್ತ ಅಷ್ಟೇ ಇರುತ್ತದೆ. ಕೈಬರಹದ ಸಾತಬಾರಾಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಮಹಾರಾಷ್ಟ್ರದ ಕಂದಾಯ ಇಲಾಖೆ ಮೊತ್ತದ ತಾಳೆಯಲ್ಲಿ ತೃಪ್ತಿಪಡಲಿಲ್ಲ. 2017ರಲ್ಲಿ ಊರೂರಿನಲ್ಲಿ ಚಾವಡಿ ವಾಚನ ನಡೆಸಿತು. ಗಣಕದಲ್ಲಿದ್ದ ಉತಾರವನ್ನು ಜನರ ಮುಂದೆ ಗಟ್ಟಿಯಾಗಿ ಓದುವುದು, ತಕರಾರು ಕೇಳುವುದು, ತಿದ್ದುವುದು. ದಫ್ತರದ ಒಳಗೆ ಎಷ್ಟೇ ಕೂಡಿ ಕಳೆದರೂ ಸಿಗದ ಸತ್ಯ ದಫ್ತರದ ಹೊರಗಿರುವ ಸಾಕ್ಷಿಯಿಂದ ಸಿಗುತ್ತದೆ ಎಂಬ ತಿಳಿವಳಿಕೆ ಆ ಕ್ರಮದ ಹಿಂದೆ ಇದೆ. ತಿದ್ದುವುದಕ್ಕೂ ರೀತಿಯಿದೆ. 1966ರ ಭೂಕಂದಾಯ ಸಂಹಿತೆಯ 155ನೆಯ ಕಲಮಿನಡಿ ಬರವಣಿಗೆಯ ತಪ್ಪನ್ನು ಸರಿಪಡಿಸಿದರೆ ಅದರ ಫೇರಫಾರ ಉಳಿಯುತ್ತದೆ. ಯಾವುದು ಏನಿತ್ತು, ಏನಾಯಿತು ಎಂದು ಮುಂದೆ ಬರುವವರು ಕೇಳಬಹುದು. ಎಲ್ಲ ಪ್ರಶ್ನೆಗೂ ಹೌದೆಂದು ಮೊದಲೇ ಒಪ್ಪಿಗೆ ಕೊಟ್ಟು ಎಫ್‌ಎಸ್‌ಸಿಕೆ ಓಡಿಸಿದವರಿಗೆ ಅಂಥ ಅವಕಾಶ ಇಲ್ಲ.

ಕಂಪ್ಯೂಟರಿನಲ್ಲಿ ಹೊರಗಿನ ಸಾಕ್ಷಿ ಎಂದರೆ ಚೆಕ್‌ಸಮ್. ಕಡತದ ಎಲ್ಲ ಬೈಟುಗಳನ್ನು ಗಣಿತದ ಒಂದು ಗಾಣಕ್ಕೆ ಹಾಕಿ ಹಿಂಡಿದರೆ ಚಿಕ್ಕದೊಂದು ಸಂಖ್ಯೆ ಬರುತ್ತದೆ. ಶಾ-256 ಎಂಬ ಪದ್ಧತಿಯಲ್ಲಿ ಅದು 64 ಅಕ್ಷರ. ಕಡತದ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ. ಇದು ಬೇಕೇ ಎನ್ನುವವರಿಗೆ ಪುರಾವೆ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರೂ ನೆಟ್‌ಆ್ಯಪ್ ಕಂಪನಿಯವರೂ ಕೂಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 15 ಲಕ್ಷ 30 ಸಾವಿರ ಡಿಸ್ಕುಗಳನ್ನು 41 ತಿಂಗಳು ಗಮನಿಸಿದ್ದರು. ಡಿಸ್ಕು ತಾನು ಸರಿಯಾಗಿ ಓದಿ ಕೊಟ್ಟೆನೆಂದು ಹೇಳಿಯೂ ಚೆಕ್‌ಸಮ್ ತಾಳೆಯಾಗದ ಪ್ರಸಂಗಗಳು ನಾಲ್ಕು ಲಕ್ಷಕ್ಕೂ ಹೆಚ್ಚು ಸಿಕ್ಕವು. ಅಗ್ಗದ ವರ್ಗದ ಡಿಸ್ಕುಗಳಲ್ಲಿ ಇದು ದುಬಾರಿ ವರ್ಗಕ್ಕಿಂತ ಹತ್ತು ಪಟ್ಟಿನಷ್ಟು. ಗಮನಿಸಿ, ಇಲ್ಲಿ ಯಾವ ದೂರೂ ಬಂದಿರಲಿಲ್ಲ. ಹೊರಗಿನ ಸಾಕ್ಷಿ ಇದ್ದದ್ದರಿಂದಲೇ ತಪ್ಪು ಗೊತ್ತಾಯಿತು. ನಮ್ಮ ಮನೆಗಳ ಡಿಸ್ಕಿನಲ್ಲಿ ಆ ಸಾಕ್ಷಿ ಇರುವುದಿಲ್ಲ.

ಎರಡನೆಯ ಪ್ರಶ್ನೆ, ಕೆಡಿಸಿದ್ದು ಯಾವುದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಅಪರಾಧಿಯನ್ನು ಬಿಟ್ಟು ಗಾಯಕ್ಕೆ ಮಾತ್ರ ಪಟ್ಟಿ ಕಟ್ಟಿದರೆ ನಾಳೆ ಮತ್ತೆ ಗಾಯ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಆ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ಅದರ 5ನೆಯ ಸಾಲು ಎಷ್ಟು ಕೆಟ್ಟ ತುಂಡುಗಳನ್ನು ಬದಲಿಸಲಾಗಿದೆ ಎಂದು ಹೇಳುತ್ತದೆ. 197ನೆಯದು ಓದಲಾಗದೆ ಕಾಯುತ್ತಿರುವ ತುಂಡುಗಳ ಲೆಕ್ಕ. ಇವು ಏರುತ್ತಿದ್ದರೆ ಡಿಸ್ಕೇ ಸಾಯುತ್ತಿದೆ. 199ನೆಯ ಸಾಲು ಏರುತ್ತಿದ್ದು ಉಳಿದೆರಡು ಸೊನ್ನೆಯಾಗಿದ್ದರೆ ಸಂಶಯ ಕೇಬಲ್ಲಿನ ಮೇಲೆ ಹೋಗಬೇಕು. ಡಿಸ್ಕಿಗೂ ಬೋರ್ಡಿಗೂ ನಡುವೆ ಮಾತು ಹೋಗುವಾಗ ಕೆಡುತ್ತಿದೆ ಎಂದರ್ಥ. ಕಡಿಮೆ ಬೆಲೆಯ ಕೇಬಲ್ ಬದಲಿಸಿದರೆ ಮುಗಿಯುವ ಕಾಯಿಲೆಗೆ ಡಿಸ್ಕನ್ನೇ ಎಸೆಯುವುದುಂಟು. ಮೂರೂ ಸುಮ್ಮನಿದ್ದು ಫೈಲ್ ಸಿಸ್ಟಮ್ ಮತ್ತೆ ಮತ್ತೆ, ಪ್ರತಿ ಸಲ ಬೇರೆ ಕಡೆ ಕೆಡುತ್ತಿದ್ದರೆ ರ‍್ಯಾಮ್ ನೋಡಬೇಕು. ಗೂಗಲ್‌ನ ಯಂತ್ರಗಳನ್ನು ಅಭ್ಯಸಿಸಿ 2009ರಲ್ಲಿ ಪ್ರಕಟವಾದ ವರದಿಯ ಪ್ರಕಾರ ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ದೋಷ ಕಂಡಿತ್ತು. ಕೆಟ್ಟ ರ‍್ಯಾಮ್ ಇರುವ ಯಂತ್ರದಲ್ಲಿ ಚೆಕ್‌ಡಿಸ್ಕ್ ಓಡಿಸುವುದೆಂದರೆ ಕಣ್ಣು ಮಂಜಾದ ಗುಮಾಸ್ತನಿಂದ ಇಡೀ ದಫ್ತರ ಮರುಬರೆಸಿದ ಹಾಗೆ. ಸರಿಯಿದ್ದ ಪುಟಗಳೂ ಕೆಡುತ್ತವೆ. ಸಂತೆಯ ಪೆನ್ ಡ್ರೈವಿನ ರೋಗವೇ ಬೇರೆ. 64 ಜಿಬಿ ಎಂದು ಮೇಲೆ ಬರೆದು ಒಳಗೆ 8 ಜಿಬಿ ಮಾತ್ರ ಇರುವ ನಕಲಿ ಮಾಲು ಇದೆ. ಮೊದಲ ಎಂಟು ಜಿಬಿವರೆಗೆ ಎಲ್ಲ ಸರಿ, ಆಮೇಲೆ ಬರೆದದ್ದು ಹಳೆಯದರ ಮೇಲೆಯೇ ಬೀಳುತ್ತದೆ ಅಥವಾ ಗಾಳಿಗೆ ಹೋಗುತ್ತದೆ. ಅದಕ್ಕೆ ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಇಲ್ಲದ 56 ಜಿಬಿ ಹುಟ್ಟಿಬರುವುದಿಲ್ಲ.

ಲೈಟಿನ ಮಾತಿಗೆ ಬಂದರೆ, ಎಸ್‌ಎಸ್‌ಡಿ ಬಂದ ಮೇಲೆ ತೊಂದರೆ ತೀರಿತು ಎಂಬ ನಂಬಿಕೆ ಇದೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರೂ ಎಚ್‌ಪಿ ಲ್ಯಾಬ್ಸ್‌ನವರೂ 15 ಎಸ್‌ಎಸ್‌ಡಿಗಳ ಕರೆಂಟನ್ನು ಬೇಕೆಂದೇ ನಡುವೆ ಕತ್ತರಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 13 ಸಾಧನಗಳು ತಪ್ಪಿದ್ದವು. ಕೆಲವಲ್ಲಿ ಬಿಟ್‌ಗಳು ಕೆಟ್ಟಿದ್ದವು, ಕೆಲವಲ್ಲಿ ಬರಹ ಅರ್ಧಕ್ಕೆ ತುಂಡಾಗಿತ್ತು, ಕೆಲವಲ್ಲಿ ಹಿಂದುಮುಂದಾಗಿತ್ತು. ಲೈಟ್ ಹೋಗಿ ಬರುವ ಊರಿನಲ್ಲಿ ಫೈಲ್ ಸಿಸ್ಟಮ್ ಕೆಟ್ಟರೆ ಬ್ಯಾಟರಿ ಸರಿಯಿರುವ ಯುಪಿಎಸ್ ಇದೆಯೇ ಎಂಬುದೂ ನಿದಾನದ ಪ್ರಶ್ನೆಯೇ.

ಮುನ್ಸೂಚನೆಯ ಬಗ್ಗೆ ಒಂದು ಮಾತು. 1993ರ ಸೆಪ್ಟೆಂಬರ್ 30ರ ನಸುಕಿನ ಮೂರು ಗಂಟೆ ಐವತ್ತಾರು ನಿಮಿಷದ ಕಿಲ್ಲಾರಿ ಭೂಕಂಪವನ್ನು ಈ ಸಭೆಗೆ ನೆನಪಿಸುವ ಅಗತ್ಯವಿಲ್ಲ. ಹತ್ತು ಸಾವಿರದಷ್ಟು ಜೀವ ಹೋದ ಆ ನಷ್ಟದ ಪಕ್ಕ ಡಿಸ್ಕಿನ ನಷ್ಟವನ್ನು ಇಡುವ ಧೈರ್ಯ ನನಗಿಲ್ಲ. ಪುರಾವೆಯನ್ನು ಓದುವ ರೀತಿಯೊಂದನ್ನೇ ಅಲ್ಲಿಂದ ಕಲಿಯುತ್ತೇನೆ. ಕಿಲ್ಲಾರಿಯ ಸುತ್ತ 1992ರಲ್ಲೇ ಸಣ್ಣ ಕಂಪನಗಳು ಆಗಿದ್ದವು. ಆದರೆ ದೇಶದ ಭೂಕಂಪ ನಕ್ಷೆಯಲ್ಲಿ ಈ ಸೀಮೆ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದುಹಾಕಿದರು. ಡಿಸ್ಕುಗಳ ಬಗ್ಗೆ ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಆಧರಿಸಿ ಪ್ರಕಟಿಸಿದ ಅಧ್ಯಯನ ಎರಡು ಸಂಗತಿ ಹೇಳುತ್ತದೆ. ಸ್ಕ್ಯಾನ್ ದೋಷ ಒಮ್ಮೆ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ ಉಳಿದವುಗಳಿಗಿಂತ 39 ಪಟ್ಟು. ಹಾಗೆಯೇ, ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಮುಖ್ಯ ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಸಣ್ಣ ಕಂಪನವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ಕಂಪನ ಇಲ್ಲವೆಂಬುದನ್ನು ಅಭಯವೆಂದು ತಿಳಿಯಬಾರದು. ಸ್ಮಾರ್ಟ್ ಹಸಿರು ದೀಪ ತೋರಿಸಿತೆಂದು ನಿದಾನ ನಿಲ್ಲಿಸುವವರಿಗೆ ಈ ಎರಡನೆಯ ಸಂಗತಿ ಉತ್ತರ.

ಹಾಗಾದರೆ ಕ್ರಮ ಏನು? ಶಾಸನ ಓದುವವರು ಮಾಡುವುದನ್ನೇ ಮಾಡಬೇಕು. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಈ ಭಾಗದಲ್ಲಿ ಇವೆ. ಸವೆದ ಕಲ್ಲನ್ನು ಕಂಡ ಶಾಸನತಜ್ಞರು ಅಕ್ಷರದ ಮೇಲೆ ಉಳಿ ಆಡಿಸುವುದಿಲ್ಲ. ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಊಹೆ, ತಿದ್ದುಪಡಿ, ವಾದ ಎಲ್ಲ ಆ ಅಚ್ಚಿನ ಮೇಲೆ. ಪಿ. ಬಿ. ದೇಸಾಯಿ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನೂ, ಶ್ರೀನಿವಾಸ ರಿತ್ತಿ ಅವರು ಜಿ. ಸಿ. ಶೆಳಕೆ ಅವರೊಂದಿಗೆ ನಾಂದೇಡ ಜಿಲ್ಲೆಯ ಶಾಸನಗಳನ್ನೂ ಸಂಪಾದಿಸಿದರು. ಅಂಥ ಸಂಪುಟಗಳಲ್ಲಿ ಸಂದೇಹದ ಅಕ್ಷರಕ್ಕೆ ಕಂಸ, ಅಳಿದ ಜಾಗಕ್ಕೆ ಚುಕ್ಕೆ ಇರುತ್ತದೆ. ಓದಿದ್ದು ಎಷ್ಟು, ಊಹಿಸಿದ್ದು ಎಷ್ಟು ಎಂದು ಓದುಗನಿಗೆ ತಿಳಿಯುತ್ತದೆ. ಡಿಸ್ಕಿಗೂ ಮೊದಲು ಅಚ್ಚು ತೆಗೆಯಬೇಕು. ಆಂಟೋನಿಯೊ ಡಿಯಾಜ್ ಡಿಯಾಜ್ ಬರೆದ ಡಿಡಿರೆಸ್ಕ್ಯೂ ಎಂಬ ಉಚಿತ ಕಾರ್ಯಕ್ರಮ ಕೆಟ್ಟ ಡಿಸ್ಕಿನಿಂದ ಸುಲಭಕ್ಕೆ ಓದಬಲ್ಲ ಭಾಗಗಳನ್ನು ಮೊದಲು ಎತ್ತಿಕೊಳ್ಳುತ್ತದೆ, ಕಷ್ಟದವನ್ನು ಆಮೇಲೆ ಪ್ರಯತ್ನಿಸುತ್ತದೆ, ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬ ನಕಾಶೆಯನ್ನು ಪಕ್ಕದಲ್ಲಿ ಬರೆದಿಡುತ್ತದೆ. ಆ ನಕಾಶೆ ಶಾಸನದ ಚುಕ್ಕೆ ಕಂಸಗಳಿಗೆ ಸಮ. ಅಚ್ಚು ಕೈಯಲ್ಲಿದ್ದರೆ ಚೆಕ್‌ಡಿಸ್ಕನ್ನೋ ಎಫ್‌ಎಸ್‌ಸಿಕೆಯನ್ನೋ ಅದರ ಇನ್ನೊಂದು ನಕಲಿನ ಮೇಲೆ ಓಡಿಸಬಹುದು, ಕೆಟ್ಟರೆ ಮತ್ತೆ ಓಡಿಸಬಹುದು. ಬರಿದೆ ನೋಡಿ ಹೇಳುವ ರೀತಿಯೂ ಈ ಎರಡರಲ್ಲೂ ಇದೆ: ಚೆಕ್‌ಡಿಸ್ಕಿಗೆ ತಿದ್ದುವ ಆಜ್ಞೆ ಸೇರಿಸದಿದ್ದರೆ ಅದು ಓದಿ ವರದಿ ಕೊಡುತ್ತದೆ, ಏನನ್ನೂ ಮುಟ್ಟುವುದಿಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಖರ್ಚಿನದು ಮೊದಲನೆಯದು. ತಾಲೂಕಿನ ಅಂಗಡಿಯವನಿಗೆ ದಿನಕ್ಕೆ ಹತ್ತು ಯಂತ್ರ ಬರುತ್ತವೆ. ಗಿರಾಕಿಗೆ ಸಂಜೆಯೊಳಗೆ ಯಂತ್ರ ಬೇಕು. ಅಚ್ಚು ತೆಗೆಯಲು ಅಷ್ಟೇ ಅಳತೆಯ ಇನ್ನೊಂದು ಡಿಸ್ಕು, ಒಂದು ರಾತ್ರಿಯ ಸಮಯ ಎಲ್ಲಿಂದ ತರುವುದು? ಈ ಮಾತಿನಲ್ಲಿ ಸತ್ಯವಿದೆ. ಡಿಸ್ಕಿನಲ್ಲಿ ಬರೀ ಸಿನಿಮಾ ಇದ್ದರೆ ಫಾರ್ಮ್ಯಾಟ್ ಹೊಡೆಯುವುದೇ ಸರಿ, ಅಲ್ಲಿ ನಿದಾನ ದುಂದು. ಆದರೆ ಒಳಗಿರುವುದು ಏನೆಂದು ಕೇಳುವುದಕ್ಕೆ ಖರ್ಚಿಲ್ಲ. ಮೋಡಿ ಕಾಗದದ ಫೋಟೋ ಇದೆ, ಮೂಲ ಪುಡಿಯಾಗಿದೆ ಎಂದಾದರೆ ಆ ಯಂತ್ರ ಬೇರೆ ಸಾಲಿಗೆ ಹೋಗಬೇಕು. ಆ ಪ್ರಶ್ನೆಯನ್ನು ಅಂಗಡಿಯವನು ಕೇಳದಿದ್ದರೆ ಗಿರಾಕಿ ತಾನಾಗಿ ಹೇಳಬೇಕು. ವಿಂಡೋಸ್ ಪೆನ್ ಡ್ರೈವನ್ನು ಓದಲಾಗದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದಾಗ ಬೇಡ ಎಂಬ ಗುಂಡಿ ಒತ್ತುವುದಕ್ಕೂ ಖರ್ಚಿಲ್ಲ.

ಬ್ಯಾಕಪ್ ಇದ್ದರೆ ನಿದಾನವೇ ಬೇಡ, ಹಳೆಯದನ್ನು ತಂದು ಹಾಕಿದರಾಯಿತು ಎಂಬುದು ಬಲವಾದ ಆಕ್ಷೇಪ, ಅದಕ್ಕೆ ಅರ್ಧ ಒಪ್ಪುತ್ತೇನೆ. ಬ್ಯಾಕಪ್ ಇಲ್ಲದೆ ಎಂಥ ನಿದಾನವೂ ಕಳೆದದ್ದನ್ನು ಹುಟ್ಟಿಸಲಾರದು. ಆದರೆ ಕೆಟ್ಟದ್ದು ಯಾವಾಗ ಎಂದು ಗೊತ್ತಿಲ್ಲದವನು ಯಾವ ತಾರೀಖಿನ ಬ್ಯಾಕಪ್ ತರುತ್ತಾನೆ? ರ‍್ಯಾಮ್ ಆರು ತಿಂಗಳಿಂದ ಕಡತಗಳನ್ನು ಮೆಲ್ಲಗೆ ಕೆಡಿಸುತ್ತಿದ್ದರೆ ಆರು ತಿಂಗಳ ಬ್ಯಾಕಪ್ಪಿನಲ್ಲಿಯೂ ಅದೇ ಕೆಟ್ಟ ಪ್ರತಿ ಕೂತಿರುತ್ತದೆ. ಕಾರಣ ತಿಳಿಯದೆ ಅದೇ ಯಂತ್ರಕ್ಕೆ ಒಳ್ಳೆಯ ಪ್ರತಿ ಮರಳಿಸಿದರೆ ಅದೂ ಕೆಡುತ್ತದೆ. ಎಲ್ಲ ಈಗ ಮೊಬೈಲಿನಲ್ಲಿದೆ, ಕ್ಲೌಡಿನಲ್ಲಿದೆ, ಡಿಸ್ಕಿನ ಚಿಂತೆ ಹಳೆಯದಾಯಿತು ಎನ್ನುವವರಿಗೂ ಉತ್ತರ ಇದೇ. ಸಿಂಕ್ ಎಂಬುದು ಒಂದು ಕಡೆ ಆದದ್ದನ್ನು ಇನ್ನೊಂದು ಕಡೆ ಮಾಡುತ್ತದೆ, ಕೆಡುವುದನ್ನೂ ಸೇರಿಸಿ. ಮೇಲಾಗಿ ಮೊಬೈಲಿನ ಮೆಮೊರಿ ಕಾರ್ಡು ಕ್ಲೌಡಿಗೆ ತಾನಾಗಿ ಹೋಗುವುದಿಲ್ಲ, ಹಳ್ಳಿಯ ಹಿರಿಯರ ಫೋಟೋಗಳು ಬಹಳ ಸಲ ಅಲ್ಲೇ ಇರುತ್ತವೆ.

ಇನ್ನೊಂದು ಆಕ್ಷೇಪ ಸಾಧನ ಬರೆದವರ ಪರವಾಗಿ ಬರುತ್ತದೆ: ಅವರು ನಮಗಿಂತ ತಿಳಿದವರು, ಸಾಧನ ಹೇಳಿದಂತೆ ನಡೆದರೆ ಸಾಕು. ತಿಳಿದವರು ನಿಜ. ಆದರೆ ಕೊವಾಲ್ಸ್ಕಿಯವರ ಕಾಲದಿಂದ ಇವತ್ತಿನವರೆಗೆ ಅವರು ಪ್ರಶ್ನೆ ಕೇಳುವ ರೀತಿಯಲ್ಲಿ ಸಾಧನ ಕಟ್ಟಿದ್ದಾರೆ. ಅಳಿಸಲೇ, ನಕಲು ಮಾಡಲೇ, ಬಿಡಲೇ ಎಂದು ಅದು ಕೇಳುವುದು ಉತ್ತರ ತನಗೆ ಗೊತ್ತಿಲ್ಲ ಎಂಬುದರಿಂದ. ಆ ಕಡತ ಯಾರದು, ಅದರ ಮೂಲ ಎಲ್ಲಿದೆ, ಮನೆಗೆ ಅದು ಎಷ್ಟರದು ಎಂಬುದು ಅಮೆರಿಕದಲ್ಲಿ ಕುಳಿತು ಕಾರ್ಯಕ್ರಮ ಬರೆದವನಿಗೆ ತಿಳಿಯುವಂಥದ್ದಲ್ಲ. ಉದಗೀರದಲ್ಲಿರುವವನಿಗೆ ತಿಳಿದಿದೆ.

ಕೊನೆಗೆ ಮಾಡಬಹುದಾದ ಒಂದು ಕೆಲಸವನ್ನು ಸಭೆಯ ಮುಂದಿಡುತ್ತೇನೆ. ಈ ಮೂರು ತಾಲೂಕುಗಳ ಮನೆಗಳಲ್ಲಿ, ಮಠಗಳಲ್ಲಿ, ಶಾಲೆಗಳಲ್ಲಿ ಸ್ಕ್ಯಾನ್ ಆಗಿರುವ ಹಳೆಯ ಕಾಗದಗಳಿಗೆ ಒಂದು ವಹಿ ಇಡೋಣ. ಪ್ರತಿ ಕಡತದ ಹೆಸರು, ಮೂಲ ಯಾವ ಲಿಪಿಯಲ್ಲಿತ್ತು, ಯಾವ ಫಾಂಟಿನಲ್ಲಿ ಟೈಪಾಗಿದೆ, ಪ್ರತಿಗಳು ಎಲ್ಲಿವೆ, ಅದರ 64 ಅಕ್ಷರದ ಸಂಖ್ಯೆ ಏನು ಎಂಬುದನ್ನು ಕಾಗದದ ಮೇಲೆ ಮುದ್ರಿಸಿ ಅಂಟಿಸೋಣ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಕೈ ಬಿಡುವಾದಾಗ, ಎಲ್ಲರೂ ತಮ್ಮ ಡಿಸ್ಕು, ಪೆನ್ ಡ್ರೈವ್ ತಂದು ಒಂದೇ ಕಡೆ ಕೂಡಲಿ. ಹುಡುಗರು ಕಂಪ್ಯೂಟರಿನಲ್ಲಿ ಸಂಖ್ಯೆ ತೆಗೆದು ಓದಲಿ, ಒಬ್ಬರು ವಹಿ ಹಿಡಿದು ಹೌದು, ಅಲ್ಲ ಎನ್ನಲಿ. ಅಲ್ಲ ಎಂದು ಬಂದ ಕಡತವನ್ನು ಯಾರೂ ತಿದ್ದುವುದು ಬೇಡ. ಅದನ್ನು ಬೇರೆ ಇಟ್ಟು, ಅದು ಬಂದ ಯಂತ್ರ ಯಾವುದು, ಆ ಯಂತ್ರದ ಸ್ಮಾರ್ಟ್ ಏನು ಹೇಳುತ್ತದೆ, ಕೇಬಲ್ ಎಂಥದು, ಮನೆಯಲ್ಲಿ ಯುಪಿಎಸ್ ಇದೆಯೇ ಎಂದು ಅದೇ ವಹಿಯ ಕೊನೆಯ ಅಂಕಣದಲ್ಲಿ ಬರೆಯಲಿ. ನುಡಿ, ಶ್ರೀಲಿಪಿಗಳಲ್ಲಿ ಸಿಕ್ಕಿಕೊಂಡ ಕಡತಗಳನ್ನು ಅವತ್ತೇ ಯೂನಿಕೋಡಿಗೆ ತರಬಹುದು, ಹಳೆಯ ಪ್ರತಿಯನ್ನು ಅಳಿಸದೆ. ಮೋಡಿ, ಉರ್ದು ಓದಬಲ್ಲ ಹಿರಿಯರು ಅವತ್ತು ಬಂದಿದ್ದರೆ ಒಂದೊಂದು ಕಾಗದವನ್ನು ಗಟ್ಟಿಯಾಗಿ ಓದಿಸಿ ಅದರ ಸಾರವನ್ನೂ ಪಕ್ಕದಲ್ಲಿ ಬರೆದುಕೊಳ್ಳಬಹುದು. ಇದಕ್ಕೆ ಬೇಕಾದದ್ದು ಒಂದು ದಿನ, ಒಂದು ಕೋಣೆ, ಲೈಟ್ ಹೋದರೂ ನಡೆಯುವ ಎರಡು ಲ್ಯಾಪ್‌ಟಾಪು. ವಹಿಯ ಮೊದಲ ಪುಟಕ್ಕೆ ಗೆರೆ ಎಳೆಯಲು ಯಾವ ಊರು ಮುಂದೆ ಬರುತ್ತದೆ ಎಂದು ಕೇಳಿ ನನ್ನ ಮಾತು ನಿಲ್ಲಿಸುತ್ತೇನೆ.